ಅಕ್ಕನ ಕನಸನ್ನು ಹಾಡುವಾಗ: ಜೊತೆಗೆ ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಹೋದ ಮಳೆಗಾಲದಲ್ಲಿ ವಿರಾಜಪೇಟೆ ಹತ್ತಿರ ಒಂದು ಸಣ್ಣ ಸಭೆಯಲ್ಲಿ ಅಕ್ಕಮಹಾದೇವಿಯ ವಚನ ಹಾಡಿದೆ. ಮುಗಿದ ಮೇಲೆ ಮುಂದಿನ ಸಾಲಿನ ಅಜ್ಜಿ ಕೇಳಿದರು: "ಅಲ್ಲ ಮಗಾ, ಆ ಗೌರವ ಯಾರ ಮನೆಗೆ ಬಂತು?" ನಾನು ಹಾಡಿದ್ದು 'ಗೊರವ'. ಅಂದರೆ ಜಡೆಗಟ್ಟಿದ ಕೂದಲಿನ, ಭಿಕ್ಷೆಗೆ ಬರುವ ಶಿವಭಕ್ತ. ಶೀಟಿನ ಮೇಲೆ ಮಳೆ ಹೊಡೆಯುತ್ತಿದ್ದದ್ದು ನಿಜ. ಆದರೆ ತಪ್ಪು ಮಳೆಯದ್ದಲ್ಲ. ಆ ಪದವನ್ನು ನಾನೇ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ನುಂಗಿದ್ದೆ.

ವಚನ ನಿಮಗೆಲ್ಲ ಗೊತ್ತಿರುವುದೇ: "ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ." ಕನಸಿನಲ್ಲಿ ಅಕ್ಕಿ, ಅಡಕೆ, ತೆಂಗಿನಕಾಯಿ ಕಾಣುತ್ತವೆ. ಅಂದರೆ ಮದುವೆ ಮನೆ. ಇದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಡವ ಮದುವೆಯಲ್ಲಿ ಮೊಣಕಾಲು, ಭುಜ, ತಲೆಗೆ ಅಕ್ಕಿ ಹಾಕಿ ಹರಸುವುದನ್ನು ನೋಡಿದವರಿಗೆ 'ಅಕ್ಕಿ' ಅನ್ನುವ ಒಂದೇ ಮಾತು ಸಾಕು. ಆಮೇಲೆ ಗೊರವ ಬರುತ್ತಾನೆ. ಸುಲಿಪಲ್ಲಿನವನು, ಹೊಳೆಯುವ ಚಂದದ ಹಲ್ಲಿನವನು. ಬಂದವನು ನಿಲ್ಲುವುದಿಲ್ಲ. "ಮಿಕ್ಕು ಮೀರಿ ಹೋಹನ ಬೆಂಬತ್ತಿ ಕೈವಿಡಿದೆನು." ದಾಟಿ ಹೋಗುತ್ತಿದ್ದವನ ಬೆನ್ನುಹತ್ತಿ ಕೈ ಹಿಡಿದಳು. ಕೈಹಿಡಿಯುವುದು ಅಂದರೆ ಇವತ್ತಿಗೂ ಮದುವೆಯಾಗುವುದೇ ಅಲ್ವಾ? ಇಲ್ಲಿ ಹಿಡಿದವಳು ಹೆಣ್ಣು. ಅದೂ ಓಡಿಹೋಗಿ.

ಈ ಸಾಲಿನಲ್ಲಿ ಇನ್ನೊಂದು ತಪ್ಪು ಮಾಡಿದೆ. 'ಹೋಹನ' ಅಂದ ಮೇಲೆ ನಿಂತು ಉದ್ದಕ್ಕೆ ಆಲಾಪ ಎಳೆದೆ. ರಾಗವೇನೋ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಓಟ ನಿಂತುಹೋಗಿತ್ತು. ಈಗ 'ಮಿಕ್ಕು'ವಿನಿಂದ 'ಕೈವಿಡಿದೆನು'ವರೆಗೆ ಒಂದೇ ಉಸಿರಿನಲ್ಲಿ ಹೋಗುತ್ತೇನೆ, ಆಲಾಪ ಅದರ ಮೇಲೆ.

ತಾಳದ ವಿಷಯ. ಅಕ್ಕ ಹೇಳಿದ ಧಾಟಿ ನಮಗೆ ಉಳಿದಿಲ್ಲ. ವಚನಗಳನ್ನು ಹುಡುಕಿ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರ 1923ರಲ್ಲಿ ಬಂತು. ನಾವು ಹಾಡುವ ಮಟ್ಟುಗಳಲ್ಲಿ ಹೆಚ್ಚಿನವು ಆ ಶತಮಾನದವೇ. ಈ ವಚನವನ್ನು ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದನ್ನು ಕೇಳಿಯೇ ನಮ್ಮಲ್ಲಿ ಜಾಸ್ತಿ ಜನ ಕಲಿತದ್ದು. ಸಾಲುಗಳು ಒಂದೇ ಅಳತೆಯವಲ್ಲ, ಎಂಟು ಎಣಿಕೆಯ ಆದಿತಾಳಕ್ಕೆ ಕೂರಿಸಹೋದರೆ ಎಲ್ಲೋ ಒಂದು ಕಡೆ ಎಳೆಯಬೇಕಾಗುತ್ತದೆ. 'ಅಕ್ಕಿ'ಯ ಅಕಾರ ಎಳೆದರೆ 'ಆಕಿ' ಆಗುತ್ತದೆ. ಕನಸಿನಲ್ಲಿ ಇನ್ನೊಬ್ಬಳು ಹೆಂಗಸು ಬಂದ ಹಾಗೆ! ಅದಕ್ಕೆ ಸಾಲಿನ ಮೊದಲನ್ನು ನೋಡಿ: ಅಕ್ಕ, ಅಕ್ಕಿ, ಚಿಕ್ಕ, ಮಿಕ್ಕು. ಎರಡನೇ ಅಕ್ಷರದಲ್ಲಿ 'ಕ್ಕ' ಬಡಿಯುತ್ತಲೇ ಇದೆ. ಲಯ ಅಲ್ಲೇ ಇದೆ, ಆ ಪೆಟ್ಟನ್ನು ಬಿಟ್ಟುಕೊಡಬೇಡಿ. ಕೊನೆಯ ಸಾಲು ಚೆನ್ನಮಲ್ಲಿಕಾರ್ಜುನ ಅಂತ ಶುರುವಾಗುವಾಗ ಆ ಪ್ರಾಸ ಮುರಿಯುತ್ತದೆ. ಕನಸು ಮುರಿಯುವುದೂ ಅಲ್ಲೇ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ.

ಬಸವಣ್ಣನವರು "ತಾಳಮಾನ ಸರಿಸವನರಿಯೆ" ಅಂದರಲ್ಲ, ನಾವೂ ಹಾಗೇ ಹಾಡೋಣ ಅನ್ನುವವರಿದ್ದಾರೆ. ಅಂದದ್ದು ಬಸವಣ್ಣ. ನಾವು ಮೊದಲು ತಾಳ ಕಲಿಯೋಣ.

ಹಳೆಯ ಕನ್ನಡದ ಪದ ಕಿವಿಗೆ ತಲುಪಿಸಲು ನನಗೆ ದಾರಿ ಸಿಕ್ಕಿದ್ದು ಕೊಡವರ ಜನಪದ ಹಾಡುಗಾರಿಕೆಯಾದ ಬಾಳೋಪಾಟಿನಿಂದ. ನಾಲ್ಕು ಜನ ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ತಿರುಗಿ ಹಾಡುತ್ತಾರೆ. ಕೇಳುವವನಿಗೆ ಎರಡು ಸಲ ಸಿಗುತ್ತದೆ. ನಾನೂ ಈಗ ಮೊದಲ ಸಲ ಸಾಲನ್ನು ಬಹುತೇಕ ಮಾತಿನ ಹಾಗೆ ಹೇಳುತ್ತೇನೆ, ಎರಡನೇ ಸಲ ರಾಗ ಬಿಡಿಸುತ್ತೇನೆ. ಮಳೆಯ ದಿನ ಶ್ರುತಿಯನ್ನು ಒಂದು ಮನೆ ಮೇಲಕ್ಕೆ ಏರಿಸಿಕೊಳ್ಳಿ. ಮಂದ್ರ ಶೀಟಿನ ಕೆಳಗೆ ಬದುಕುವುದಿಲ್ಲ.

ಇನ್ನು ಒಲವಿನ ಮಾತು. ನಿರೂಪಕರು "ಈಗ ಒಂದು ಭಕ್ತಿಗೀತೆ" ಅಂದ ಕೂಡಲೇ ಜನ ಕೈಮುಗಿದು ಕೂರುತ್ತಾರೆ, ಕೇಳುವುದನ್ನು ಬಿಡುತ್ತಾರೆ. ಹಾಗಂತ ಸಿನಿಮಾ ಹಾಡಿನ ಹಾಗೆ ಬಿಕ್ಕಿದರೂ ಕೆಡುತ್ತದೆ. ಜಯದೇವನ ಗೀತಗೋವಿಂದಕ್ಕೂ ಇದೇ ಕಷ್ಟ. ಅದೂ 12ನೇ ಶತಮಾನದ್ದೇ. ಅದರ 24 ಹಾಡುಗಳಿಗೂ, ಅಂದರೆ ಅಷ್ಟಪದಿಗಳಿಗೂ, ರಾಗದ ಹೆಸರಿದೆ, ಕವಿ ಕೇಳಿದ ಮಟ್ಟು ಮಾತ್ರ ಇಲ್ಲ. ಕೊನೆಯದರಲ್ಲಿ ರಾಧೆ ತನ್ನನ್ನು ಸಿಂಗರಿಸು ಅಂತ ಕೃಷ್ಣನಿಗೇ ಹೇಳುತ್ತಾಳೆ. ಸಭೆ ನೋಡಿ ಆ ಚರಣಗಳನ್ನು ಹಾರಿಸುವವರಿದ್ದಾರೆ. ಆದರೆ ಗಡಿ ದಾಟಿದರೆ ಕೇರಳದ ಗುಡಿಗಳಲ್ಲಿ ಅಷ್ಟಪದಿಯನ್ನು ಗರ್ಭಗುಡಿಯ ಮೆಟ್ಟಿಲ ಪಕ್ಕ ಎಡಕ್ಕ ಎಂಬ ಚರ್ಮವಾದ್ಯ ನುಡಿಸುತ್ತಾ ಹಾಡುತ್ತಾರೆ. ದೇವರಿಗೆ ನಾಚಿಕೆಯಿಲ್ಲದ ಮಾತಿಗೆ ನಮಗ್ಯಾಕೆ? ಹಾಡುವ ಮುಂಚೆ ನಾನು ಎರಡೇ ವಾಕ್ಯ ಹೇಳುತ್ತೇನೆ: ಇವಳು ದೇವರನ್ನು ಗಂಡ ಅಂದುಕೊಂಡವಳು. ಇದು ಅವಳ ಮದುವೆಯ ಕನಸು.

ಕೊನೆಗೆ 'ಕಣ್ದೆರೆದೆನು'. ನಿದ್ದೆಯಿಂದ ಎದ್ದಳು ಅಂತಲೂ ಹೌದು, ಅರಿವು ಬಂತು ಅಂತಲೂ ಹೌದು. ಅದಾದ ಮೇಲೆ ರೂಢಿಯಂತೆ ಪಲ್ಲವಿಗೆ ಹೋದರೆ ಎದ್ದವಳನ್ನು ಮತ್ತೆ ಮಲಗಿಸಿದ ಹಾಗೆ. ನಾನು ಅಲ್ಲೇ ನಿಲ್ಲಿಸುತ್ತೇನೆ. ನಮ್ಮ ತಬಲಾದವರು ಇನ್ನೂ ಒಪ್ಪಿಲ್ಲ, ಮೂರು ಸಲ ಬಾರಿಸಿ ಮುಗಿಸುವ ತಿಹಾಯಿ ಬೇಕೇ ಬೇಕು ಅನ್ನುತ್ತಾರೆ.