ಹಗಲು ಹಕ್ಕಿಗೆ, ರಾತ್ರಿ ಇಲಿಗೆ

ಪೊನ್ನಂಪೇಟೆ ಹತ್ತಿರದ ನಮ್ಮ ಹಿತ್ತಲಿನಲ್ಲಿ ಬಿದಿರಿನ ಗಳು ನೆಟ್ಟು, ತುದಿಗೆ ಹಕ್ಕಿಗಳಿಗಾಗಿ ಕಾಳಿನ ತಟ್ಟೆ ಕೂರಿಸಿದ್ದೆವು. ರಾಟವಾಳಗಳು ಗುಂಪಾಗಿ ಬರುತ್ತಿದ್ದವು. ಕಾಫಿ ಕುಡಿಯುತ್ತಾ ಅವನ್ನು ನೋಡುವುದೇ ಒಂದು ಖುಷಿ. ಒಂದು ದಿನ ಬಿದಿರಿನ ಮೇಲೆ ಕಪ್ಪು ಗೆರೆ ಕಾಣಿಸಿತು. ಮುಟ್ಟಿದರೆ ಜಿಡ್ಡು. ಇಲಿ ದಿನಾ ಒಂದೇ ದಾರಿಯಲ್ಲಿ ಮೈ ಉಜ್ಜಿಕೊಂಡು ಓಡಾಡುತ್ತದೆ. ಅದರ ಮೈಯ ಎಣ್ಣೆ, ಕೊಳೆ ಸೇರಿ ಆದ ಗುರುತು ಅದು. ರಾತ್ರಿ ಟಾರ್ಚ್ ಬಿಟ್ಟು ನೋಡಿದೆ. ತಟ್ಟೆಯಲ್ಲಿ ಎರಡು ಇಲಿ, ಕೆಳಗೆ ಒಂದು ಹೆಗ್ಗಣ.

ಮೇಲಿದ್ದದ್ದು ಮನೆ ಇಲಿ. ಅದರ ಬಾಲ ಮೈಗಿಂತ ಉದ್ದ. ಆ ಬಾಲದಿಂದಲೇ ಸಮತೋಲ ಕಾಯ್ದುಕೊಂಡು ತಂತಿಯ ಮೇಲೂ ನಡೆಯುತ್ತದೆ. ಹೆಗ್ಗಣ ಹತ್ತುವ ಗೋಜಿಗೆ ಹೋಗುವುದು ಕಡಿಮೆ, ಅದರದ್ದು ನೆಲ ತೋಡುವ ಕೆಲಸ. ಅದಕ್ಕೆ ಕೆಳಗೆ ಬಿದ್ದದ್ದೇ ಸಾಕು. ಹಕ್ಕಿಗಳು ಬೇಕಾದ ಕಾಳು ಆರಿಸಿ ಉಳಿದದ್ದನ್ನು ಚೆಲ್ಲುತ್ತವೆ ಅಲ್ವಾ? ಒಂದು ಮನೆ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ಆಹಾರ ಸಾಕು. ಒಂದು ಹಿಡಿ ಅಕ್ಕಿ ತರಿ ಅಂದರೆ ಎರಡು ಇಲಿಯ ಊಟ. ಹೊಟ್ಟೆ ತುಂಬಿದ ಇಲಿ ಸುಮ್ನೆ ಇರುವುದಿಲ್ಲ, ಗರ್ಭ ಕಟ್ಟಿದ ಮೂರೇ ವಾರಕ್ಕೆ ಮರಿ ಹಾಕುತ್ತದೆ.

ಮಳೆಗಾಲದಲ್ಲಿ ನನಗೆ ಜಾಸ್ತಿ ಭಯ ಇಲಿ ಜ್ವರದ್ದು. ಇಲಿಯ ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ನಿಂತ ನೀರಿಗೆ, ಕೆಸರಿಗೆ ಸೇರಿ, ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಬರಿಗಾಲಲ್ಲಿ ಗದ್ದೆಗೆ, ತೋಟಕ್ಕೆ ಇಳಿಯುವ ನಮ್ಮೂರಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಬದಲಿಸಿದ್ದು ಹೊತ್ತನ್ನು. ಕಾಳು ತಿನ್ನುವ ಹಕ್ಕಿಗಳೆಲ್ಲ ಹಗಲಿನವು, ಇಲಿ ಹೊರಡುವುದು ಕತ್ತಲಾದ ಮೇಲೆ. ಬೆಳಿಗ್ಗೆ ಒಂದು ಹಿಡಿ ಹಾಕಿ, ಸಂಜೆಯೊಳಗೆ ತಟ್ಟೆ ಒಳಗಿಟ್ಟು, ನೆಲ ಗುಡಿಸಿಬಿಡುತ್ತೇವೆ. ಕಕ್ಕಡದ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳ, ಮಳೆಯಲ್ಲಿ ಕಾಳು ಇಡುವುದೇ ಇಲ್ಲ. ಬೂಷ್ಟು ಹಿಡಿದ ಕಾಳು ಹಕ್ಕಿಗೂ ವಿಷವೇ.

ಆಮೇಲೆ ಗಳುವಿನ ಸರದಿ. ತೆಂಗಿನ ಮರಕ್ಕೆ ಇಲಿ ಹತ್ತದಂತೆ ತಗಡು ಸುತ್ತುವುದು ಗೊತ್ತೇ ಇದೆ. ಅದನ್ನೇ ಇಲ್ಲಿ ಮಾಡಿದೆ, ಪ್ರಯೋಜನವಾಗಲಿಲ್ಲ. ದಪ್ಪ ಕಾಂಡದ ನುಣುಪು ತಗಡಿನಲ್ಲಿ ಉಗುರು ಜಾರುತ್ತದೆ, ತಬ್ಬಿ ಹಿಡಿಯಲೂ ಆಗುವುದಿಲ್ಲ. ಆದರೆ ಮೂರು ಇಂಚು ದಪ್ಪದವರೆಗಿನ ನುಣುಪು ಪೈಪನ್ನೂ ಇಲಿ ತಬ್ಬಿಕೊಂಡು ಏರಬಲ್ಲದು. ಸಪುರ ಗಳುವಿಗೆ ಸುತ್ತು ಸಾಲದು, ಕೊಡೆ ಬೇಕು. ತಗಡನ್ನು ಒಂದೂವರೆ ಅಡಿ ಅಗಲದ ಕೊಡೆಯಂತೆ ಬಗ್ಗಿಸಿ, ನೆಲದಿಂದ ನಾಲ್ಕಡಿ ಮೇಲೆ, ಬಾಯಿ ಕೆಳಗಾಗಿ ಕಟ್ಟಿದೆವು. ಇಲಿ ನಿಂತಲ್ಲಿಂದ ಎರಡೂವರೆ ಅಡಿ ನೆಗೆಯುತ್ತದೆ, ಅಡ್ಡಕ್ಕೆ ನಾಲ್ಕಡಿ ಹಾರುತ್ತದೆ. ಅದಕ್ಕೇ ಕಾಫಿ ಗಿಡ, ಮಾಡಿನ ಅಂಚು ಎಲ್ಲದರಿಂದ ಆರೇಳು ಅಡಿ ದೂರಕ್ಕೆ ಗಳು ಸರಿಸಿದೆವು.

ಪಾಷಾಣ ಮಾತ್ರ ದಯವಿಟ್ಟು ಇಡಬೇಡಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈಗಿನ ವಿಷ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ತಿರುಗುತ್ತದೆ. ಆಗ ಸುಲಭವಾಗಿ ಸಿಕ್ಕಿಬೀಳುವುದು ಕಣಜ ಗೂಬೆಗೆ. ನಮ್ಮ ಪರವಾಗಿ ರಾತ್ರಿಯಿಡೀ ಇಲಿ ಹಿಡಿಯುವ ಹಕ್ಕಿಯನ್ನೇ ಕೊಂದಂತಾಗುತ್ತದೆ. ಬೋನು ಇಡಿ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ, ಹಾಗಾಗಿ ಮೊದಲ ಮೂರ್ನಾಲ್ಕು ದಿನ ಬಾಗಿಲು ಕಟ್ಟಿ ತೆರೆದೇ ಇಟ್ಟು, ಸುಟ್ಟ ಕೊಬ್ಬರಿಯ ರುಚಿ ಹತ್ತಿಸಿ.

ಮೊದಲ ವಾರ ಕೊಡೆಯ ಒಳಮೈಯಲ್ಲಿ ಉಗುರಿನ ಗೀರುಗಳಿದ್ದವು. ಈಗ ಹೊಸ ಗೀರಿಲ್ಲ. ಇವತ್ತು ಬೆಳಿಗ್ಗೆ ತಟ್ಟೆಗೆ ಮೊದಲು ಬಂದದ್ದು ಕೆಮ್ಮೀಸೆ ಪಿಕಳಾರ, ಬಾಳೆಹಣ್ಣಿನ ಚೂರಿಗೆ.