ಜಾಸ್ತಿ ಸಂಬಳ ಕೇಳಿದರೆ ಆಫರ್ ಕೈಬಿಟ್ಟು ಹೋಗುತ್ತಾ?

ಪ್ರಶ್ನೆ: ಆಫರ್ ಬಂದಿದೆ. ಸಂಬಳ ಇನ್ನೂ ಸ್ವಲ್ಪ ಕೇಳಬೇಕು, ಸೇರೋಕೆ ಎರಡು ತಿಂಗಳು ಟೈಮೂ ಬೇಕು. ಕೇಳಿದ್ದಕ್ಕೆ ಆಫರೇ ವಾಪಸ್ ತಗೊಂಡುಬಿಟ್ಟರೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ತಪ್ಪಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ತೋರಿಸುತ್ತೇನೆ.

ಮರ್ಯಾದೆಯಿಂದ, ಒಂದೇ ಸಲ, ಒಂದು ಅಂಕಿ ಹೇಳಿ ಕೇಳಿದರೆ ಆಫರ್ ವಾಪಸ್ ಹೋಗೋದು ತೀರಾ ಅಪರೂಪ. ಆಚೆ ಕಡೆ ಏನೇನಾಗಿರುತ್ತೆ ನೋಡಿ. ಅರ್ಜಿಗಳ ರಾಶಿ ಸೋಸಿ, ನಾಲ್ಕು ಸುತ್ತು ಇಂಟರ್‌ವ್ಯೂ ಮಾಡಿ, ಮ್ಯಾನೇಜರನ್ನ ಒಪ್ಪಿಸಿ, ಬಜೆಟ್‌ಗೆ ಸಹಿ ಹಾಕಿಸಿಕೊಂಡು ಎಚ್‌ಆರ್ ಸುಸ್ತಾಗಿರುತ್ತಾರೆ. ಎರಡನೇ ಆಯ್ಕೆಯಾಗಿದ್ದವರು ಅಷ್ಟೊತ್ತಿಗೆ ಬೇರೆ ಕಡೆ ಸೇರಿರಬಹುದು. ಮತ್ತೆ ಮೊದಲಿಂದ ಶುರು ಮಾಡೋಕೆ ಯಾರಿಗೆ ಬೇಕಾಗಿದೆ? ಎಷ್ಟೋ ಕಂಪನಿಗಳಲ್ಲಿ ಪ್ರತಿ ಹುದ್ದೆಗೂ ಸಂಬಳದ ಬ್ಯಾಂಡ್, ಅಂದರೆ ಇಷ್ಟರಿಂದ ಇಷ್ಟರವರೆಗೆ ಕೊಡಬಹುದು ಅನ್ನೋ ಮಿತಿ, ಇರುತ್ತೆ, ಮೊದಲ ಆಫರ್ ಸಾಮಾನ್ಯವಾಗಿ ಅದರ ಮೇಲ್ತುದಿಯಲ್ಲಿರಲ್ಲ. ನೀವು ಕೇಳಿದ್ದು ಬ್ಯಾಂಡಿನೊಳಗಿದ್ದರೆ ಒಂದು ಮೇಲ್ ಹಾಕಿ ಒಪ್ಪಿಗೆ ತರುತ್ತಾರೆ. ದಾಟಿದ್ದರೆ "ಆಗಲ್ಲ" ಅನ್ನುತ್ತಾರೆ. ಆಗಲೂ ಹಳೇ ಆಫರ್ ಹಾಗೇ ಇರುತ್ತೆ.

"ನನ್ನ ಫ್ರೆಂಡಿಗೆ ವಾಪಸ್ ತಗೊಂಡರಲ್ಲ ಸಾರ್!" ಈ ಫ್ರೆಂಡ್ ಎಲ್ಲರಿಗೂ ಒಬ್ಬ ಇದ್ದೇ ಇರುತ್ತಾನೆ. ಸ್ವಲ್ಪ ಕೆದಕಿ. ಸಹಿ ಹಾಕಿದ ಮೇಲೆ ಮತ್ತೆ ಜಗ್ಗಿರುತ್ತಾನೆ, ಇಲ್ಲಾ ಇಲ್ಲದ ಇನ್ನೊಂದು ಆಫರ್ ಇದೆ ಅಂದಿರುತ್ತಾನೆ, ಇಲ್ಲಾ ಮೂರು ಸಲ ಅಂಕಿ ಬದಲಿಸಿರುತ್ತಾನೆ. ಕೆಲವು ಸಲ ಕಂಪನಿಯೇ ನೇಮಕಾತಿ ನಿಲ್ಲಿಸಿರುತ್ತೆ, ಅವನು ಬಾಯಿ ಬಿಡದೇ ಇದ್ದಿದ್ದರೂ ಅದು ಆಗುತ್ತಿತ್ತು. ಬರೀ ಕೇಳಿದ್ದಕ್ಕೇ ಮುನಿಸಿಕೊಳ್ಳೋ ಕಂಪನಿ ಎಲ್ಲೂ ಇಲ್ಲ ಅಂತ ನಾನು ಹೇಳಲ್ಲ. ಆದರೆ ಅಂಥಲ್ಲಿ ಸೇರಿ, ರಜಾ ಕೇಳೋ ದಿನ ಏನು ಮಾಡುತ್ತಿದ್ದಿರಿ?

ಕೇಳೋದು ಹೀಗೆ: "ಆಫರ್‌ಗೆ ಥ್ಯಾಂಕ್ಸ್, ಸೇರೋ ಮನಸ್ಸಿದೆ. ಫಿಕ್ಸೆಡ್ ಸಂಬಳ ಇಷ್ಟಾದರೆ ಇವತ್ತೇ ಒಪ್ಪಿಕೊಳ್ಳುತ್ತೇನೆ." ಮುಗೀತು. ಮನೆ ಸಾಲ, ಮಕ್ಕಳ ಫೀಸು ತರಬೇಡಿ. ಕೇಳಿ ಸುಮ್ಮನಿರಿ. ಎರಡು ಸೆಕೆಂಡ್ ಮೌನಕ್ಕೆ ಹೆದರಿ "ಇಲ್ಲ ಅಂದ್ರೂ ಪರವಾಗಿಲ್ಲ ಮೇಡಂ" ಅಂತ ತಾವೇ ಇಳಿದುಬಿಡೋರು ಬಹಳ ಜನ.

ಸೇರೋ ದಿನ ಇಷ್ಟು ಕಷ್ಟದ್ದಲ್ಲ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೇ ಕಂಪನಿಯಲ್ಲಿ ಇರಬೇಕಾದ ಅವಧಿ, ಎಷ್ಟು ಅಂತ ಮೊದಲ ಫೋನಿನಲ್ಲೇ ಹೇಳಿಬಿಡಿ. "ಆದಷ್ಟು ಬೇಗ" ಅನ್ನಬೇಡಿ, ತಾರೀಕು ಹೇಳಿ, ಮಧ್ಯೆ ಒಂದು ವಾರ ಉಸಿರಾಡೋಕೆ ಇಟ್ಟುಕೊಳ್ಳಿ. ಅವರಿಗೆ ತುರ್ತಿದ್ದರೆ, ನೋಟಿಸ್ ಮುಗಿಸದೇ ಬಿಡೋದಕ್ಕೆ ಹಳೇ ಕಂಪನಿಗೆ ಕೊಡಬೇಕಾದ ದುಡ್ಡು ಅವರೇ ಕಟ್ಟುತ್ತಾರಾ ಕೇಳಿ. ಹೊಸ ಅಂಕಿ, ಹೊಸ ತಾರೀಕು ಎರಡೂ ಲೆಟರ್‌ನಲ್ಲಿ ಬರೋ ತನಕ ರಾಜೀನಾಮೆ ಕೊಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. "ಸಂಬಳ ಆಗಲ್ಲ, ಜಾಯ್ನಿಂಗ್ ಬೋನಸ್ ಕೊಡ್ತೀವಿ" ಅಂದರೆ ಕುಣಿಯಬೇಡಿ. ಬೋನಸ್ ಒಂದು ಸಲ ಬಂದು ಹೋಗುತ್ತೆ. 100ರ ಬದಲು 110ಕ್ಕೆ ಸೇರಿದರೆ, ವರ್ಷಕ್ಕೆ 8 ಪರ್ಸೆಂಟ್ ಹೈಕ್ ಅಂತ ಹಿಡಿದರೂ, ಐದು ಹೈಕ್ ಆಗೋಷ್ಟರಲ್ಲಿ ಆ 10ರ ಅಂತರ 14.7 ಆಗಿರುತ್ತೆ. ಅದೂ ಪ್ರತಿ ತಿಂಗಳು. ವರ್ಷದೊಳಗೆ ಕೆಲಸ ಬಿಟ್ಟರೆ ಬೋನಸ್ ವಾಪಸ್ ಕಟ್ಟಬೇಕು ಅನ್ನೋ ಸಾಲು ಎಷ್ಟೋ ಲೆಟರ್‌ಗಳಲ್ಲಿ ಇರುತ್ತೆ, ಸಹಿಗೆ ಮುಂಚೆ ಅದನ್ನ ಹುಡುಕಿ.