ಹಳೆಯ ಡಿಎಸ್‌ಎಲ್‌ಆರ್ ತಗೊಳ್ಳೋದಾ, ಕಾಂಪ್ಯಾಕ್ಟ್ ಕ್ಯಾಮೆರಾ ತಗೊಳ್ಳೋದಾ?

ಪ್ರಶ್ನೆ: ಪರಿಚಯದವರೊಬ್ಬರು ತಮ್ಮ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಅದರ ಜೊತೆಗೇ ಬಂದ ಕಿಟ್ ಲೆನ್ಸ್ ಸಮೇತ ಮಾರುತ್ತಿದ್ದಾರೆ. ಅದು ಬರೀ 6 ಮೆಗಾಪಿಕ್ಸೆಲ್. ಅದೇ ದುಡ್ಡಿಗೆ 20 ಮೆಗಾಪಿಕ್ಸೆಲ್‌ನ ಪುಟ್ಟ ಕಾಂಪ್ಯಾಕ್ಟ್ ಸಿಗುತ್ತದೆ. ಮೂರು ಪಟ್ಟು ಜಾಸ್ತಿ ಇರುವ ಕಾಂಪ್ಯಾಕ್ಟೇ ವಾಸಿ ಅಲ್ವಾ?

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕ್ಯಾಮೆರಾಗಳ ಹೆಸರು ಬದಲಾಗುತ್ತದೆ, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ: ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ ಅಲ್ವಾ? ಇಲ್ಲ. ಬರುವುದಿಲ್ಲ. ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಈ ಸಲ ಲೆಕ್ಕದ ಸಮೇತ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನೇರ ಉತ್ತರ. ಓಡಾಡುವ ಮಕ್ಕಳು, ಆಟ, ಹಕ್ಕಿ, ಕಡಿಮೆ ಬೆಳಕಿನ ಕೋಣೆ, ಇಂಥವನ್ನು ತೆಗೆಯಬೇಕು, ಮುಂದೆ ಇನ್ನೊಂದು ಲೆನ್ಸ್ ಕೊಳ್ಳುವ ಮನಸ್ಸೂ ಇದೆ ಅಂದರೆ ಹಳೆಯ ಡಿಎಸ್‌ಎಲ್‌ಆರ್ ತಗೊಳ್ಳಿ. ಕ್ಯಾಮೆರಾ ಸದಾ ಜೇಬಿನಲ್ಲೇ ಇರಬೇಕು, ಲೆನ್ಸ್ ಬದಲಿಸುವ ರಗಳೆಯೇ ಬೇಡ ಅಂದರೆ ಕಾಂಪ್ಯಾಕ್ಟ್ ತಗೊಳ್ಳಿ. ಆದರೆ ಅದರ ಸೆನ್ಸರ್, ಅಂದರೆ ಬೆಳಕು ಬಿದ್ದು ಫೋಟೋ ಮೂಡುವ ಒಳಗಿನ ಚಿಪ್, ಎಷ್ಟು ದೊಡ್ಡದು ಅಂತ ನೋಡಿ ತಗೊಳ್ಳಿ. ಮೆಗಾಪಿಕ್ಸೆಲ್ ನೋಡಿ ಅಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ.

2006ರಲ್ಲಿ ಬಂದ ನಿಕಾನ್ ಡಿ40 ಅನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದು 6 ಮೆಗಾಪಿಕ್ಸೆಲ್ ಕ್ಯಾಮೆರಾ, ಅಂದರೆ ಅದರ ಫೋಟೋದಲ್ಲಿ ಸುಮಾರು 60 ಲಕ್ಷ ಪಿಕ್ಸೆಲ್ (ಚುಕ್ಕೆ) ಇರುತ್ತವೆ. ಅದರ ಫೋಟೋ 3008 ಪಿಕ್ಸೆಲ್ ಅಗಲ, 2000 ಪಿಕ್ಸೆಲ್ ಎತ್ತರ ಇರುತ್ತದೆ. ನಿಮ್ಮ ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು 2 ಮೆಗಾಪಿಕ್ಸೆಲ್‌ಗಿಂತ ಚೂರು ಜಾಸ್ತಿ, ಅಷ್ಟೇ. 4ಕೆ ಟಿವಿಯಲ್ಲೂ 8.3 ಮೆಗಾಪಿಕ್ಸೆಲ್. 6 ಇಂಚು ಅಗಲ, 4 ಇಂಚು ಎತ್ತರದ ಆಲ್ಬಮ್ ಪ್ರಿಂಟ್‌ಗೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಬೇಕಾಗುವುದು ಸುಮಾರು 2.2 ಮೆಗಾಪಿಕ್ಸೆಲ್. ಅದೇ ಲೆಕ್ಕದಲ್ಲಿ ಡಿ40 ಫೋಟೋ 10 ಇಂಚು ಅಗಲದವರೆಗೆ ಚೊಕ್ಕಟವಾಗಿ ಪ್ರಿಂಟ್ ಆಗುತ್ತದೆ. ಗೋಡೆಗೆ ಹಾಕುವ ದೊಡ್ಡ ಪ್ರಿಂಟನ್ನು ನಾವು ದೂರ ನಿಂತು ನೋಡುತ್ತೇವೆ, ಹಾಗಾಗಿ ಅಲ್ಲಿ 300 ಚುಕ್ಕೆಯ ಅಗತ್ಯವೂ ಇಲ್ಲ.

ಇನ್ನು "ಮೂರು ಪಟ್ಟು" ಅನ್ನುವ ಮಾತು. ಮೆಗಾಪಿಕ್ಸೆಲ್ ಅಂದರೆ ಅಗಲ ಮತ್ತು ಎತ್ತರದ ಗುಣಾಕಾರ. ಫೋಟೋದ ಅಗಲ ಎರಡು ಪಟ್ಟು ಆಗಬೇಕಾದರೆ ಮೆಗಾಪಿಕ್ಸೆಲ್ ನಾಲ್ಕು ಪಟ್ಟು ಆಗಬೇಕು. 6ರ ಎರಡು ಪಟ್ಟು ಅಗಲಕ್ಕೆ 24 ಬೇಕು. ನೀವು ಹೇಳುತ್ತಿರುವ 20ರಲ್ಲಿ ಅಗಲ ಎರಡು ಪಟ್ಟೂ ಆಗುವುದಿಲ್ಲ. ಪೆಟ್ಟಿಗೆ ಮೇಲೆ ಅಷ್ಟು ದೊಡ್ಡದಾಗಿ ಬರೆಯುವ ಸಂಖ್ಯೆಯಿಂದ ಕಣ್ಣಿಗೆ ಸಿಗುವ ಲಾಭ ಇಷ್ಟೇ. ಅದೂ ಲೆನ್ಸ್ ಮತ್ತು ಸೆನ್ಸರ್ ಅಷ್ಟು ವಿವರವನ್ನು ಕೊಡಬಲ್ಲವಾದರೆ ಮಾತ್ರ.

ಕೊಡಬಲ್ಲವೇ? ಸೆನ್ಸರ್‌ನ ಅಳತೆ ನೋಡಿ. ಡಿ40 ಸೆನ್ಸರ್ 23.7 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಸಾಮಾನ್ಯ ಕಾಂಪ್ಯಾಕ್ಟ್‌ಗಳಲ್ಲಿ ಇರುವ "1/2.3 ಇಂಚು" ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಗುಣಿಸಿ ನೋಡಿದರೆ ಒಂದರ ವಿಸ್ತೀರ್ಣ ಸುಮಾರು 370 ಚದರ ಮಿ.ಮೀ., ಇನ್ನೊಂದರದು 28. ಹದಿಮೂರು ಪಟ್ಟು ವ್ಯತ್ಯಾಸ! (ಆ ಇಂಚಿನ ಲೆಕ್ಕವನ್ನು ನಂಬಿ ಅಳೆಯಲು ಹೋಗಬೇಡಿ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿ ಇರುತ್ತಿದ್ದ ಗಾಜಿನ ಟ್ಯೂಬಿನ ಹೊರಗಿನ ಅಳತೆಯಿಂದ ಬಂದ ಹೆಸರು ಅದು. "1 ಇಂಚು" ಸೆನ್ಸರ್‌ನ ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ಮಾತ್ರ.)

ಅಂಗಳಕ್ಕೆ ಗೆರೆ ಎಳೆದು 6 ಭಾಗ ಮಾಡಿ, 20 ಭಾಗ ಮಾಡಿ, ಬೀಳುವ ಮಳೆ ಜಾಸ್ತಿ ಆಗುತ್ತದೆಯೇ? ಮಳೆ ಜಾಸ್ತಿ ಬೇಕಾದರೆ ಅಂಗಳವೇ ದೊಡ್ಡದಿರಬೇಕು. ಸೆನ್ಸರ್ ಮೇಲೆ ಬೀಳುವ ಬೆಳಕೂ ಹಾಗೆಯೇ. ಬೆಳಕು ಕಡಿಮೆ ಬಿದ್ದಷ್ಟೂ ಫೋಟೋದಲ್ಲಿ ಕಾಳುಕಾಳಾದ ನಾಯ್ಸ್ ಎದ್ದು ಕಾಣುತ್ತದೆ. ಸಣ್ಣ ಸೆನ್ಸರ್‌ನ ಕ್ಯಾಮೆರಾ ಅದನ್ನು ಮುಚ್ಚಲು ಒಳಗೇ ಫೋಟೋವನ್ನು ಒರೆಸುತ್ತದೆ. ನಾಯ್ಸ್ ಜೊತೆಗೆ ಕೂದಲ ಎಳೆ, ಹುಲ್ಲು, ಬಟ್ಟೆಯ ನೇಯ್ಗೆ ಎಲ್ಲ ಒರೆಸಿ ಹೋಗುತ್ತದೆ. ಸಂಜೆ ಹೊತ್ತು ತೆಗೆದ ಕಾಂಪ್ಯಾಕ್ಟ್ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎಲೆಗಳೆಲ್ಲ ಬಣ್ಣ ಬಳಿದ ಹಾಗೆ ಕಾಣುತ್ತವೆ. ಫೈಲ್‌ನಲ್ಲಿ 20 ಮೆಗಾಪಿಕ್ಸೆಲ್ ಇರುತ್ತದೆ, ಅಷ್ಟು ವಿವರ ಇರುವುದಿಲ್ಲ.

ಇನ್ನೊಂದು ಅಡ್ಡಿಯೂ ಇದೆ. ಬೆಳಕು ಸಣ್ಣ ರಂಧ್ರದ ಮೂಲಕ ಹಾಯುವಾಗ ಸ್ವಲ್ಪ ಹರಡುತ್ತದೆ. ಲೆನ್ಸ್ ಒಳಗಿನ ಅಂಥ ರಂಧ್ರವೇ ಅಪರ್ಚರ್. "ಎಫ್/" ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು, ಬೆಳಕು ಜಾಸ್ತಿ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಎಫ್/4 ಅಪರ್ಚರ್‌ನಲ್ಲಿ ಹಸಿರು ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 5.4 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಅಗಲದ ಚುಕ್ಕೆಯಾಗಿ ಬೀಳುತ್ತದೆ. ಡಿ40 ಕ್ಯಾಮೆರಾದ ಒಂದು ಪಿಕ್ಸೆಲ್ 7.8 ಮೈಕ್ರಾನ್. ಚುಕ್ಕೆ ಅದರೊಳಗೆ ಹಿಡಿಸುತ್ತದೆ. ಆ 20 ಮೆಗಾಪಿಕ್ಸೆಲ್ ಕಾಂಪ್ಯಾಕ್ಟ್‌ನ ಪಿಕ್ಸೆಲ್ ಸುಮಾರು 1.2 ಮೈಕ್ರಾನ್. ಒಂದೇ ಚುಕ್ಕೆ ನಾಲ್ಕಕ್ಕಿಂತ ಹೆಚ್ಚು ಪಿಕ್ಸೆಲ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಜೂಮ್ ಮಾಡಿದಂತೆ ಅಪರ್ಚರ್ ಇನ್ನೂ ಸಣ್ಣದಾಗಿ ಈ ಚುಕ್ಕೆ ಇನ್ನಷ್ಟು ಅಗಲ ಆಗುತ್ತದೆ. ಮೆಗಾಪಿಕ್ಸೆಲ್ ಸೇರಿಸುತ್ತಾ ಹೋದರೆ ಅದೇ ಮಸುಕನ್ನು ಇನ್ನೂ ಹೆಚ್ಚು ತುಂಡಾಗಿ ಅಳೆದಂತಾಗುತ್ತದೆ, ಅಷ್ಟೇ.

ಹಾಗಂತ ಮೆಗಾಪಿಕ್ಸೆಲ್‌ಗೆ ಬೆಲೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೇ ಅಳತೆಯ, ಒಂದೇ ಕಾಲದ ಎರಡು ಸೆನ್ಸರ್‌ಗಳಿದ್ದು, ಲೆನ್ಸ್ ಒಳ್ಳೆಯದಾಗಿದ್ದರೆ 12ಕ್ಕಿಂತ 24 ಮೆಗಾಪಿಕ್ಸೆಲ್ ಹೆಚ್ಚು ವಿವರ ಕೊಡುತ್ತದೆ. ಫೋಟೋದಲ್ಲಿ ದೂರದ ಹಕ್ಕಿ ಇರುವ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡುವವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಬೇರೆ ಬೇರೆ ಅಳತೆಯ ಸೆನ್ಸರ್‌ಗಳನ್ನು ಮೆಗಾಪಿಕ್ಸೆಲ್ ಹಿಡಿದು ಹೋಲಿಸುವುದು ಪೂರಾ ತಪ್ಪು.

ಇಷ್ಟು ಓದಿದವರು "ಹಾಗಾದರೆ ಡಿಎಸ್‌ಎಲ್‌ಆರೇ ಗೆದ್ದಿತು" ಅಂದುಕೊಳ್ಳುತ್ತಾರೆ. ಸ್ವಲ್ಪ ತಾಳಿ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂತು. ಜೇಬಿಗೆ ಹಿಡಿಸುವ ಕ್ಯಾಮೆರಾ, ಬ್ಯಾಟರಿ ಸೇರಿ 240 ಗ್ರಾಂ. ಅದರಲ್ಲಿ ಇರುವುದು 1 ಇಂಚು ಸೆನ್ಸರ್, ಸುಮಾರು 116 ಚದರ ಮಿ.ಮೀ. ಡಿ40 ಸೆನ್ಸರ್ ಅದಕ್ಕಿಂತ ಮೂರು ಪಟ್ಟು ದೊಡ್ಡದು. ಆದರೆ ಜೂಮ್ ಮಾಡದಿದ್ದಾಗ ಸೋನಿ ಲೆನ್ಸ್‌ನ ಅಪರ್ಚರ್ ಎಫ್/1.8, ಡಿ40 ಜೊತೆ ಬರುತ್ತಿದ್ದ ಕಿಟ್ ಲೆನ್ಸ್‌ನದು ಎಫ್/3.5. ಅಪರ್ಚರ್‌ನ ಲೆಕ್ಕದಲ್ಲಿ ಸೋನಿಗೆ ಸುಮಾರು 3.8 ಪಟ್ಟು ಬೆಳಕಿನ ಲಾಭ. ಸೆನ್ಸರ್‌ನಲ್ಲಿ ಕಳೆದುಕೊಂಡದ್ದನ್ನು ಪುಟ್ಟ ಕ್ಯಾಮೆರಾ ಲೆನ್ಸ್‌ನಲ್ಲಿ ಗಳಿಸಿಕೊಂಡಿತು. ಸೆನ್ಸರ್ ಹೊಸ ಕಾಲದ್ದು ಅನ್ನುವುದು ಬೇರೆ. ಅಂದರೆ ಕಿಟ್ ಲೆನ್ಸನ್ನು ಎಂದೂ ಕಳಚದವರಿಗೆ ಇಂಥ ಕಾಂಪ್ಯಾಕ್ಟ್ ಎದುರು ಹಳೆಯ ಡಿಎಸ್‌ಎಲ್‌ಆರ್‌ನ ದೊಡ್ಡ ಸೆನ್ಸರ್‌ನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ರಿಕೋ ಜಿಆರ್ ತರಹದ ಕಾಂಪ್ಯಾಕ್ಟ್‌ಗಳಲ್ಲಂತೂ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್ ಇದೆ, ಆದರೆ ಜೂಮ್ ಇಲ್ಲ.

ಡಿಎಸ್‌ಎಲ್‌ಆರ್‌ನ ನಿಜವಾದ ಬಲ ಇರುವುದು ಲೆನ್ಸ್ ಬದಲಿಸುವುದರಲ್ಲಿ. ಕಿಟ್ ಲೆನ್ಸ್ ಪೂರ್ತಿ ಜೂಮ್ ಆದಾಗ ಎಫ್/5.6ಕ್ಕೆ ಇಳಿಯುತ್ತದೆ. ಅದರ ಬದಲು 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಸಿಗುತ್ತದೆ. ಮುಖದ ಹಿಂದಿನ ಹಿನ್ನೆಲೆ ಮೆತ್ತಗೆ ಮಸುಕಾಗುವುದು ಇದರಿಂದಲೇ. ನನ್ನ ಮಾತು ಕೇಳಿ, ಹೊಸ ಕ್ಯಾಮೆರಾಕ್ಕೆ ಹಾಕುವ ದುಡ್ಡನ್ನು ಉಳಿಸಿ ಇಂಥ ಒಂದು ಲೆನ್ಸ್‌ಗೆ ಹಾಕಿ. ಒಂದು ಎಚ್ಚರಿಕೆ: ಡಿ40, ಡಿ60, ಡಿ3000, ಡಿ5000 ತರಹದ ನಿಕಾನ್ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸ್ ಮೇಲೆ ಎಎಫ್-ಎಸ್ ಅಂತ ಇದೆಯೇ ನೋಡಿ, ಇಲ್ಲದಿದ್ದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಕ್ಯಾನನ್‌ನಲ್ಲಿ ಈ ತೊಂದರೆ ಇಲ್ಲ. 1987ರಿಂದ ಬಂದಿರುವ ಕ್ಯಾನನ್‌ನ ಇಎಫ್ ಆಟೋಫೋಕಸ್ ಲೆನ್ಸ್‌ಗಳು ಅದರ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಮಾಡುತ್ತವೆ.

ಉಳಿದದ್ದು ಬೇಗ ಹೇಳುತ್ತೇನೆ. ಗುಂಡಿ ಒತ್ತಿದ ತಕ್ಷಣ ಕ್ಲಿಕ್ ಆಗುವುದರಲ್ಲಿ ಹಳೆಯ ಡಿಎಸ್‌ಎಲ್‌ಆರ್ ಕೂಡ ಅದೇ ಕಾಲದ ಕಾಂಪ್ಯಾಕ್ಟ್‌ಗಿಂತ ಮುಂದೆ. ವೀಡಿಯೋ ಬೇಕಾದರೆ ತೀರಾ ಹಳೆಯದು ಬೇಡ, ಡಿಎಸ್‌ಎಲ್‌ಆರ್‌ಗೆ ವೀಡಿಯೋ ಬಂದದ್ದೇ 2008ರಲ್ಲಿ, ನಿಕಾನ್ ಡಿ90 ಜೊತೆ. ಕೊಳ್ಳುವ ಮುಂಚೆ ಎಫ್/16 ಇಟ್ಟು ಆಕಾಶದ ಒಂದು ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ ಅಂತ ಅರ್ಥ. ಅದನ್ನು ತೆಗೆಸಬಹುದು, ಹೆದರಬೇಡಿ. ಆಮೇಲೆ ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಅದು ಫಂಗಸ್. ಅಂಥ ಲೆನ್ಸ್ ಬೇಡ.

ಫಂಗಸ್ ಮಾತು ಬಂತು, ಹಾಗಾಗಿ ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಯಾವ ಕ್ಯಾಮೆರಾ ತಗೊಂಡರೂ ಅದನ್ನು ಎಲ್ಲಿ ಇಡುತ್ತೀರಿ? ಹೆಚ್ಚಿನವರು ಚರ್ಮದ ಕೇಸಿನಲ್ಲಿ ಹಾಕಿ ಬೀರುವಿನ ಒಳಗೆ ಮುಚ್ಚಿಡುತ್ತಾರೆ. ಬೂಷ್ಟಿಗೆ ಬೇಕಾದ ಕತ್ತಲೆ, ತೇವ, ಆಡದ ಗಾಳಿ ಎಲ್ಲವೂ ಅಲ್ಲೇ ಸಿಗುತ್ತವೆ. ಚರ್ಮವಂತೂ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಬೆಳೆದರೆ ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಉಳಿಯಬಹುದು.

ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಜೆಲ್ ತೇವ ಕುಡಿದು ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ, ಅಥವಾ ಹೊಸದು ಹಾಕಿ. ಹೀಗೆ ಮಾಡದೆ ಅದನ್ನು ಒಳಗಿಟ್ಟು ವರ್ಷಗಟ್ಟಲೆ ಮರೆತರೆ ಇಟ್ಟದ್ದೇ ದಂಡ. ಬಹಳ ದಿನ ಬಳಸುವುದಿಲ್ಲ ಅಂತಾದರೆ ಬ್ಯಾಟರಿ ತೆಗೆದಿಡಿ. ಎಸಿ ಕೋಣೆಯಿಂದ ಸೆಕೆಯ ಬಯಲಿಗೆ ಹೋಗುವಾಗ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಬಿಡಿ, ಇಲ್ಲದಿದ್ದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಫಂಗಸ್ ಸಾಯಲಿ ಅಂತ ಲೆನ್ಸನ್ನು ಬಿಸಿಲಿಗೆ ತಿರುಗಿಸಿ ಇಟ್ಟು ಹೋಗಬೇಡಿ, ಅದು ಬೆಳಕನ್ನು ಒಂದೆಡೆ ಕೂಡಿಸಿ ಬೆಂಕಿ ಹೊತ್ತಿಸಬಲ್ಲದು. ಕಾಂಪ್ಯಾಕ್ಟ್ ತಗೊಳ್ಳುವವರು ಇದನ್ನೆಲ್ಲ ಇನ್ನೂ ಗಟ್ಟಿಯಾಗಿ ಪಾಲಿಸಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಕೆಟ್ಟ ಲೆನ್ಸನ್ನು ಕಳಚಿ ಬೇರೆ ಹಾಕಬಹುದು, ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್ ಹಾಳಾದರೆ ಇಡೀ ಕ್ಯಾಮೆರಾವನ್ನೇ ಬಿಚ್ಚಬೇಕಾಗುತ್ತದೆ.